ತೆರೆದ ಅಂಗಡಿಯೊಳಗಿಂದ, ಅದನ್ನು ಮುಚ್ಚಿದವರಿಗೆ

ಅಂತರ್ಜಾಲದ ನಕ್ಷೆಯಲ್ಲಿ ಯಾವ ಅಂಗಡಿ ಇದೆ, ಯಾವುದು ಇಲ್ಲ ಎಂದು ತೀರ್ಮಾನಿಸುವ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ಶಾಶ್ವತವಾಗಿ ಮುಚ್ಚಿರುವ ಒಂದು ಅಂಗಡಿಯ ಒಳಗೆ ಕುಳಿತು ಈ ಪತ್ರ ಬರೆಯುತ್ತಿದ್ದೇನೆ. ಷಟರ್ ಪೂರ್ತಿ ಮೇಲಿದೆ. ಫ್ಯಾನು ತಿರುಗುತ್ತಿದೆ. ಮೇಜಿನ ಮೇಲೆ ಹೊಲಿಗೆ ಮಿಷನ್ ಒಂದು ಹೊಟ್ಟೆ ಬಿಚ್ಚಿಸಿಕೊಂಡು ಎಣ್ಣೆ ಕುಡಿಯುತ್ತ ಮಲಗಿದೆ. ಆದರೆ ತಮ್ಮ ನಕ್ಷೆಯಲ್ಲಿ ನಮ್ಮ ಅಂಗಡಿಯ ಮೇಲೆ ಬೆರಳಿಟ್ಟರೆ ‘ಶಾಶ್ವತವಾಗಿ ಮುಚ್ಚಲಾಗಿದೆ’ ಎಂದು ಕೆಂಪಕ್ಷರದಲ್ಲಿ ಬರುತ್ತದೆ. ಶಾಶ್ವತ ಎನ್ನುವ ಮಾತನ್ನು ನಾನು ಈವರೆಗೆ ಪ್ರಾರ್ಥನೆಯಲ್ಲಿ ಮಾತ್ರ ಬಳಸಿದ್ದೆ. ತಮ್ಮ ಕಚೇರಿಯಲ್ಲಿ ಅದು ಇಷ್ಟು ಅಗ್ಗವಾಗಿ ಸಿಗುತ್ತದೆಂದು ತಿಳಿದಿರಲಿಲ್ಲ.

ನೇರವಾಗಿ ತಮಗೇ ಬರೆಯೋಣವೆಂದು ವಿಳಾಸ ಹುಡುಕಿದೆ. ಲೋಕದಲ್ಲಿರುವವರೆಲ್ಲರ ವಿಳಾಸ ಇಟ್ಟುಕೊಂಡಿರುವ ತಮ್ಮ ವಿಳಾಸ ಮಾತ್ರ ಎಲ್ಲೂ ಸಿಗಲಿಲ್ಲ. ಆದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ತಪ್ಪಿದ್ದರೆ ತಿದ್ದಿಕೊಳ್ಳಿ. ತಿದ್ದುವುದು ತಮಗೆ ಅಭ್ಯಾಸವಿಲ್ಲವೆಂದು ಗೊತ್ತು, ಆದರೂ ಹೇಳುತ್ತಿದ್ದೇನೆ.

ನಡೆದದ್ದು ಇಷ್ಟು. ನಮ್ಮದು ಹೊಲಿಗೆ ಮಿಷನ್ ರಿಪೇರಿ ಅಂಗಡಿ. ಮಾವ ಶುರು ಮಾಡಿದ್ದು. ಮೂವತ್ತು ವರ್ಷದಿಂದ ನಾನೂ ನಮ್ಮವರೂ ಕೂಡಿ ನಡೆಸುತ್ತಿದ್ದೇವೆ. ಮೂರು ತಿಂಗಳ ಕೆಳಗೆ ನಮ್ಮವರ ಒಂದು ಕಣ್ಣಿನ ಪೊರೆ ತೆಗೆಸಿದೆವು. ಒಂಬತ್ತು ದಿನ ಷಟರ್ ಎಳೆದಿತ್ತು. ಅದರ ಮೇಲೆ ನನ್ನ ಕೈಯಾರೆ ಬರೆದು ಅಂಟಿಸಿದ್ದೆ: ‘ಕಣ್ಣಿನ ಆಪರೇಷನ್. ಹತ್ತನೇ ದಿನ ತೆಗೆಯುತ್ತೇವೆ, ದೇವರ ದಯೆ.’ ಯಾರೋ ಪುಣ್ಯಾತ್ಮರು ಷಟರಿನ ಫೋಟೋ ತೆಗೆದು ತಮಗೆ ಕಳಿಸಿದರು, ಅಂಟಿಸಿದ ಚೀಟಿಯನ್ನು ಬಿಟ್ಟು. ತಾವು ಒಪ್ಪಿಕೊಂಡಿರಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ನೋಡಿದ್ದೇನೆ. ತಾವು ಕರುವಿಗೆ ಹೆಸರನ್ನೂ ಇಟ್ಟಿರಿ.

ಹತ್ತನೆಯ ದಿನ ಬಾಗಿಲು ತೆಗೆದೆ. ಹನ್ನೊಂದನೆಯ ದಿನ ಒಬ್ಬ ಹೆಂಗಸು ಕಂಕುಳಲ್ಲಿ ಮಿಷನ್ನಿನ ತಲೆ ಅವುಚಿಕೊಂಡು ಬಂದು ಹೊಸ್ತಿಲಾಚೆ ನಿಂತಳು. ಫೋನು ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಫೋನು ನೋಡಿದಳು.

“ಬನ್ನಿ ಒಳಗೆ” ಎಂದೆ.

“ಇದು ಮುಚ್ಚಿದೆಯಂತಲ್ಲ.”

“ನಾನು ಇಲ್ಲೇ ಕೂತಿದೀನಲ್ಲ ತಾಯಿ.”

“ಅದು ಸರಿ. ಆದ್ರೆ ಇದರಲ್ಲಿ ಶಾಶ್ವತವಾಗಿ ಅಂತ ಇದೆ” ಎಂದು ಫೋನನ್ನೇ ನನ್ನ ಮುಖಕ್ಕೆ ಹಿಡಿದಳು. “ನೀವು ಬೇರೆ ಯಾರಾದ್ರೂ ಇರಬಹುದು.”

ಹೋಗಿಯೇಬಿಟ್ಟಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮ ಮೇಷ್ಟರು ಕೇಳುತ್ತಿದ್ದರು. ಈಗ ಬೇಕು, ಮೇಷ್ಟ್ರೇ. ಕನ್ನಡಿಯಲ್ಲಿ ಇಲ್ಲದಿದ್ದರೆ ಹುಣ್ಣೂ ಇಲ್ಲ, ಅಂಗೈಯೂ ಇಲ್ಲ.

ಸರಿ, ತಿದ್ದಿಸೋಣವೆಂದು ಹೊರಟೆ. ನನ್ನ ನಾದಿನಿ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು, ಅರ್ಜಿ ಎಂದರೆ ಹೆದರುವವಳಲ್ಲ. ಮಧ್ಯಾಹ್ನ ಅಂಗಡಿಗೆ ಬಂದು, ಕನ್ನಡಕ ಏರಿಸಿ, ತನ್ನ ಫೋನಿನಲ್ಲಿ ತಮ್ಮ ಅರ್ಜಿ ತೆರೆದಳು. ಮೊದಲ ಸಾಲಿನಲ್ಲೇ ತಮ್ಮ ಕಟ್ಟಪ್ಪಣೆ ಇತ್ತು: ‘ಅಂಗಡಿಯ ಫಲಕದಲ್ಲಿ ಇರುವಂತೆಯೇ ಭರ್ತಿ ಮಾಡಿ.’ ನಾನು ಹೊರಗೆ ಹೋಗಿ ಫಲಕ ಓದಿ ಹೇಳುತ್ತ ಬಂದೆ, ಅವಳು ಒತ್ತುತ್ತ ಹೋದಳು. ಒಡೆಯರ ಹೆಸರು ಎಂಬ ಜಾಗ ಬಂತು.

“ದೇವರು ಅಂತ ಬರಿ” ಎಂದೆ.

“ಅತ್ತಿಗೆ, ಅದು ಕೇಳ್ತಿರೋದು ನಿಮ್ಮ ಹೆಸರನ್ನ.”

“ಒಡೆಯರ ಹೆಸರು ಕೇಳ್ತಿದೆ. ಬೋರ್ಡಲ್ಲಿ ಏನಿದೆಯೋ ಅದನ್ನ ಬರಿ ಅಂತ ಅದೇ ಹೇಳಿದೆ. ನಿಮ್ಮಪ್ಪ ಬರೆಸಿದ ಬೋರ್ಡು, ಬೇಕಾದ್ರೆ ಹೋಗಿ ನೋಡು.”

ಅವಳಿಗೆ ನೋಡಬೇಕಾಗಿರಲಿಲ್ಲ. ಮಾವ ಬರೆಸಿದ ಫಲಕದಲ್ಲಿ ಮೂರು ಸಾಲಿವೆ: ‘ಹೊಲಿಗೆ ಮಿಷನ್ ರಿಪೇರಿ. ಒಡೆಯ: ದೇವರು. ಕೆಲಸಕ್ಕೆ: ನಾವು.’ ಒಡೆಯ ನಾನೇ ಅಂದುಕೊಂಡ ದಿನ ಕೈ ಕೆಡುತ್ತದೆ ಎಂದು ಅವರು ಹೇಳುತ್ತಿದ್ದರು. ಇಷ್ಟು ವರ್ಷದಲ್ಲಿ ಆ ಫಲಕ ನೋಡಿ ಯಾರೂ ದೇವರನ್ನು ಕರೆಯಿರಿ ಎಂದು ಕೇಳಿರಲಿಲ್ಲ. ತಾವೇ ಮೊದಲಿಗರು.

ಎರಡು ದಿನಕ್ಕೆ ತಮ್ಮ ಉತ್ತರ ಬಂತು: ಒಡೆಯರ ಗುರುತಿನ ಚೀಟಿ ಲಗತ್ತಿಸಿ. ನಮ್ಮಲ್ಲಿ ಇಲ್ಲವೆಂದು ಬರೆದೆವು. ಹಾಗಾದರೆ ವಿಡಿಯೋ ಕಳಿಸಿ, ಬೀದಿ, ಫಲಕ, ಒಳಗಿನ ಸಾಮಾನು ಮತ್ತು ಒಡೆಯರ ಮುಖ ಸ್ಪಷ್ಟವಾಗಿ ಕಾಣಬೇಕು ಎಂದಿರಿ. ನಾದಿನಿ ಬೀದಿಯ ತುದಿಯಿಂದ ಫೋನು ಹಿಡಿದು ನಡೆದು ಬಂದಳು. ಪಕ್ಕದ ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಬಂದು ಕೈ ಬೀಸಿದ. ನಾನು ಬೀಗ ತೆಗೆದು ತೋರಿಸಿದೆ, ಬೆಲ್ಟುಗಳ ಗೊಂಚಲು ತೋರಿಸಿದೆ, ಸೂಜಿಯ ಡಬ್ಬಿ ತೋರಿಸಿದೆ. ಮರುದಿನ ತಮ್ಮ ತೀರ್ಪು: ‘ತಿರಸ್ಕರಿಸಲಾಗಿದೆ. ವಿಡಿಯೋದಲ್ಲಿ ಒಡೆಯರು ಕಾಣಿಸಿಕೊಂಡಿಲ್ಲ.’ ಮಾನ್ಯರೇ, ಐವತ್ತು ವರ್ಷದಿಂದ ಬೆಳಿಗ್ಗೆ ಸಂಜೆ ಕರೆಯುತ್ತಿರುವ ನನಗೇ ಕಾಣಿಸಿಕೊಳ್ಳದವನು ತಮ್ಮ ಮೂರು ನಿಮಿಷದ ವಿಡಿಯೋಗೆ ಬಂದು ನಿಲ್ಲುತ್ತಾನೆಯೇ? ಬಂದಿದ್ದರೆ ನಾನು ಅಂಗಡಿಯ ಮಾತು ಎತ್ತುತ್ತಿದ್ದೆನೆಂದು ಅಂದುಕೊಂಡಿರಾ?

ಇಷ್ಟಕ್ಕೇ ನಿಂತಿದ್ದರೆ ಸುಮ್ಮನಿರುತ್ತಿದ್ದೆ. ಒಡೆಯರ ಹೆಸರು ನೋಡಿ ತಮ್ಮ ಯಂತ್ರಕ್ಕೆ ಏನು ಹೊಳೆಯಿತೋ, ವಾರದೊಳಗೆ ನಮ್ಮ ಅಂಗಡಿಯನ್ನು ‘ಪ್ರಾರ್ಥನಾ ಸ್ಥಳ’ ಮಾಡಿಬಿಟ್ಟಿತು. ಕೆಳಗೆ ಯಥಾಪ್ರಕಾರ ಕೆಂಪಕ್ಷರ. ಶಾಶ್ವತವಾಗಿ ಮುಚ್ಚಿದ ಪ್ರಾರ್ಥನಾ ಸ್ಥಳ. ಒಂದು ಮಧ್ಯಾಹ್ನ ಕೊಡೆ ಹಿಡಿದ ಎತ್ತರದ ಹಿರಿಯರೊಬ್ಬರು ಬಂದರು. ಒಳಗೆ ಕಾಲಿಟ್ಟು, ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟ ಹಳೆಯ ಮಿಷನ್ನಿನ ಮುಂದೆ ಕಣ್ಣು ಮುಚ್ಚಿ ನಿಂತರು. ನಾನು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಕಾದೆ. ಪ್ರಾರ್ಥನೆಯ ನಡುವೆ ಬಾಯಿ ಹಾಕುವುದು ನನಗೆ ಹೇಳಿಕೊಟ್ಟ ಬುದ್ಧಿಯಲ್ಲ.

ಕಣ್ಣು ತೆರೆದು ಕೇಳಿದರು: “ಇಲ್ಲಿ ಪ್ರಾರ್ಥನೆ ಎಷ್ಟು ಹೊತ್ತಿಗಮ್ಮ?”

“ಸೂಜಿ ಮುರಿದಾಗಲೆಲ್ಲ ಇರುತ್ತೆ ಸ್ವಾಮಿ.”

ಸುತ್ತ ನೋಡಿದರು, ನಕ್ಕರು, ನೀರು ಕುಡಿದು ಹೋದರು. ಸಂಜೆಗೆ ಅವರ ಅಭಿಪ್ರಾಯ ತಮ್ಮ ನಕ್ಷೆಯಲ್ಲಿ ಬಂದಿತ್ತು: ‘ಶಾಂತವಾದ ಜಾಗ. ಸೇವೆಗಿರುವ ಹೆಂಗಸು ಸ್ವಲ್ಪ ಒರಟು.’ ನಕ್ಷತ್ರ ನಾಲ್ಕು. ಮೂವತ್ತು ವರ್ಷ ಮಿಷನ್ ರಿಪೇರಿ ಮಾಡಿದ್ದಕ್ಕೆ ಒಂದು ನಕ್ಷತ್ರವೂ ಕಂಡಿರಲಿಲ್ಲ. ಅವರಿಗೆ ಒಳ್ಳೆಯದಾಗಲಿ.

ಇಲ್ಲಿಯವರೆಗೆ ನಾನೂ ನಕ್ಕೆ. ಆಮೇಲೆ ನಗು ಬಂದಿಲ್ಲ. ಹೊಳೆಯಾಚೆಯ ಊರಿನಿಂದ ಬರುತ್ತಿದ್ದ ಹಳೆಯ ಗಿರಾಕಿಯೊಬ್ಬಳಿದ್ದಾಳೆ. ತಾಯಿಯ ಕಾಲದ ಕಪ್ಪು ಮಿಷನ್ನಿನಲ್ಲಿ ಬಟ್ಟೆ ಹೊಲಿದೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವಳು. ಹೋದ ವಾರ ನೂಲು ಕೊಳ್ಳಲು ಈ ಬೀದಿಗೆ ಬಂದವಳು ನನ್ನನ್ನು ಕಂಡು ನಿಂತಲ್ಲೇ ನಿಂತಳು.

“ಅಕ್ಕಾ, ಇದೀರಾ ನೀವು?”

“ಎಲ್ಲಿಗೆ ಹೋಗ್ತೀನಿ? ನೀನೆಲ್ಲಿ ಹೋಗಿದ್ದೆ ಇಷ್ಟು ದಿನ?”

“ಶಾಶ್ವತವಾಗಿ ಮುಚ್ಚಿದೆ ಅಂತ ಫೋನಲ್ಲಿ ಬಂತು. ಕಣ್ಣಿನ ಆಪರೇಷನ್ ಅಂತ ಮೊದಲೇ ಕೇಳಿದ್ದೆ. ಭಾವನಿಗೇ ಏನೋ ಆಗಿಹೋಯ್ತು ಅಂದ್ಕೊಂಡೆ. ಫೋನ್ ಮಾಡಿ ಏನಂತ ಕೇಳಲಿ?”

ಮಿಷನ್ ಹೇಗಿದೆ ಎಂದು ಕೇಳಿದೆ. ತಲೆ ತಗ್ಗಿಸಿದಳು. ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿತ್ತಂತೆ. ಬೇರೆ ಯಾರೋ ನೋಡಿ, ಇದರ ಆಯಸ್ಸು ಮುಗಿಯಿತು ಎಂದನಂತೆ. ಗುಜರಿಗೆ ಹಾಕಿದ್ದಳು. ಕೆಳಗಿನ ನೂಲು ಹಿಡಿಯುವ ಶಟಲ್ ಕೂದಲೆಳೆಯಷ್ಟು ಜರುಗಿದರೆ ಹಾಗೆ ಹೊಲಿಗೆ ತಪ್ಪುತ್ತದೆ. ಎರಡು ಸ್ಕ್ರೂ ಸಡಿಲಿಸಿ, ಸರಿಯಾಗಿ ಕೂರಿಸಿ, ಬಿಗಿ ಮಾಡಿದರೆ ಆಯಿತು. ಕಾಲು ಗಂಟೆಯ ಕೆಲಸ. ಇದನ್ನು ಅವಳಿಗೆ ನಾನು ಹೇಳಲಿಲ್ಲ. ತಮಗೆ ಹೇಳುತ್ತಿದ್ದೇನೆ, ತಾವು ಹೊತ್ತುಕೊಳ್ಳಿ.

ಇದನ್ನೆಲ್ಲ ಒಳಗಿನ ಕುರ್ಚಿಯಲ್ಲಿ ಕಪ್ಪು ಕನ್ನಡಕ ಹಾಕಿ ಕೂತಿದ್ದ ನಮ್ಮವರು ಕೇಳಿಸಿಕೊಂಡರು. ದಿನಕ್ಕೆ ಐದಾರು ಮಿಷನ್ ಬರುತ್ತಿದ್ದಲ್ಲಿ ಈಗ ಒಂದು ಬಂದರೆ ಹೆಚ್ಚು. ಹೊರಗಿನ ಊರಿನವರು ಯಾರೂ ಇಲ್ಲ, ಈ ಬೀದಿಯವರೇ. ಆ ಸಂಜೆ ಅವರು ಮೆಲ್ಲಗೆ ಹೇಳಿದರು: “ತಿಂಗಳ ಕೊನೆಗೆ ಷಟರ್ ಎಳೆದುಬಿಡೋಣ ಕಣೇ. ಎಲ್ಲರೂ ಮುಚ್ಚಿದೆ ಅಂತ ನಂಬಿದ ಮೇಲೆ ನಾವಿಬ್ಬರೇ ತೆರೆದಿದೆ ಅಂತ ಹಟ ಹಿಡಿದು ಏನು ಮಾಡೋದು?” ಗೊತ್ತಾಯಿತೇ ಮಾನ್ಯರೇ? ತಾವು ಹೇಳಿದ ಸುಳ್ಳು ಈ ತಿಂಗಳ ಕೊನೆಗೆ ನಿಜವಾಗುವುದರಲ್ಲಿದೆ.

ಅದಕ್ಕೇ ಸೋತೆ. ಪ್ರಾರ್ಥನೆಗೆ ಕೂತು, ಅಪ್ಪಾ, ಒಂದು ಅರ್ಜಿಯಲ್ಲಿ ಮಾತ್ರ ನಿನ್ನ ಹೆಸರು ತೆಗೆದು ನನ್ನದು ಹಾಕುತ್ತೇನೆ, ಫಲಕ ಮುಟ್ಟುವುದಿಲ್ಲ ಎಂದು ಹೇಳಿಕೊಂಡೆ. ಅವನು ದೊಡ್ಡವನು, ತಿದ್ದುಪಡಿ ಸಹಿಸುತ್ತಾನೆ. ಸಹಿಸದಿದ್ದವರು ತಾವು. ನನ್ನ ಫೋನಿನಿಂದ ನನ್ನ ಹೆಸರು ಕಳಿಸಿದ ಕೂಡಲೇ ಹೀಗೆ ಬರೆದಿರಿ: ‘ಈ ಸ್ಥಳಕ್ಕೆ ಈಗಾಗಲೇ ಬೇರೊಬ್ಬರು ಹಕ್ಕು ಕೋರಿದ್ದಾರೆ. ತಮ್ಮ ಕೋರಿಕೆಯನ್ನು ಅವರಿಗೆ ಕಳಿಸಲಾಗಿದೆ. ಏಳು ದಿನದಲ್ಲಿ ಅವರಿಂದ ಉತ್ತರ ಬಾರದಿದ್ದರೆ ನಾವು ತೀರ್ಮಾನಿಸುತ್ತೇವೆ.’ ಆ ಬೇರೊಬ್ಬರು ಯಾರೆಂದು ತಮಗೂ ಗೊತ್ತು, ನನಗೂ ಗೊತ್ತು.

ಕೋರಿಕೆ ಬಂದದ್ದು ಮೊದಲ ಅರ್ಜಿ ಹೋಗಿದ್ದ ನಾದಿನಿಯ ಫೋನಿಗೇ. ಮೇಲೆ ‘ದೇವರು ಅವರಿಗೆ’ ಎಂದಿತ್ತು. ಕೆಳಗೆ ಎರಡು ಗುಂಡಿ, ಒಪ್ಪಿಗೆ ಮತ್ತು ನಿರಾಕರಣೆ.

“ಒಪ್ಪಿಗೆ ಒತ್ತೇ” ಎಂದೆ.

“ನನ್ನ ಕೈಲಾಗಲ್ಲ ಅತ್ತಿಗೆ. ಮೂವತ್ತು ವರ್ಷ ಅಂಚೆಯಲ್ಲಿ ಕೂತಿದ್ದೆ. ಒಬ್ಬರ ಹೆಸರಿಗೆ ಬಂದಿದ್ದಕ್ಕೆ ಇನ್ನೊಬ್ಬರ ಸಹಿ ಹಾಕಿಲ್ಲ. ಅದೂ ಇವರ ಹೆಸರಿಗೆ ಬಂದಿದ್ದಕ್ಕೆ. ನೀವೇ ಒತ್ತಿ.”

ಬೆರಳು ಚಾಚಿದೆ. ನನ್ನಿಂದಲೂ ಆಗಲಿಲ್ಲ. ಅವನ ಹೆಸರು ತೆಗೆಯುವುದು ಬೇರೆ, ಅವನಾಗಿ ಹೂಂ ಅನ್ನುವುದು ಬೇರೆ.

ನಮ್ಮವರು ಕುರ್ಚಿಯಿಂದಲೇ ಹೇಳಿದರು: “ಎಲ್ಲಿದೆ ತೋರಿಸಿ, ನಾನು ಒತ್ತುತ್ತೀನಿ. ಇನ್ನೊಂದು ಕಣ್ಣಿನ ಪೊರೆ ಹಾಗೇ ಇದೆ, ನನಗೆ ಸರಿಯಾಗಿ ಕಾಣಲ್ಲ. ಕಾಣದೆ ಮಾಡಿದ ತಪ್ಪು ಅಂತ ಬಿಟ್ಟುಬಿಡ್ತಾನೆ.”

“ತೋರಿಸಿದವಳ ತಪ್ಪು ಯಾರ ಲೆಕ್ಕಕ್ಕಣ್ಣ?” ಎಂದು ನಾದಿನಿ ಫೋನು ಚೀಲಕ್ಕೆ ಹಾಕಿಕೊಂಡಳು.

ಇವತ್ತಿಗೆ ಆರು ದಿನ. ನಾಳೆ ಗಡುವು. ನಾನು ಕಂಡಂತೆ ಅವನು ಯಾರಿಗೂ ಬರವಣಿಗೆಯಲ್ಲಿ ಉತ್ತರ ಕೊಟ್ಟವನಲ್ಲ. ಏಳು ದಿನದ ಗಡುವು ಹಾಕಿದವರನ್ನೂ ಅವನು ಇದೇ ಮೊದಲು ಕಂಡಿರಬೇಕು. ಆದ್ದರಿಂದ ತೀರ್ಮಾನ ತಮ್ಮ ಕೈಗೇ ಬರುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಹಳೆಯ ಗಾದೆ. ಆ ಪೂಜಾರಿ ಕಣ್ಣಿಗಾದರೂ ಕಾಣುತ್ತಿದ್ದ, ಜಗಳವಾಡಲು ಒಂದು ಮುಖವಿತ್ತು.

ನಾನು ಕೇಳುವುದು ದೊಡ್ಡದೇನಲ್ಲ. ಆ ಕೆಂಪಕ್ಷರ ಅಳಿಸಿ, ಪ್ರಾರ್ಥನಾ ಸ್ಥಳವನ್ನು ಮತ್ತೆ ರಿಪೇರಿ ಅಂಗಡಿ ಮಾಡಿ. ಕೂತಲ್ಲಿಂದ ನಂಬಿಕೆ ಬಾರದಿದ್ದರೆ ಎರಡು ಕಣ್ಣಿರುವ ಮನುಷ್ಯರೊಬ್ಬರನ್ನು ಇಲ್ಲಿಗೆ ಕಳಿಸಿ. ತಮ್ಮ ನಕ್ಷೆ ಹಿಡಿದು ಹೊರಟರೆ ಅವರು ಪ್ರಾರ್ಥನೆಗೆ ಬಂದುಬಿಟ್ಟಾರು. ಬಟ್ಟೆ ಹೊಲಿಯುವವರು ಯಾರನ್ನಾದರೂ ಕೇಳಿಕೊಂಡು ಬರಲಿ. ಸ್ಟೂಲು ಹಾಕಿ ನೀರು ಕೊಡುತ್ತೇನೆ. ಮನೆಯಲ್ಲಿ ಕೆಟ್ಟು ಕೂತ ಮಿಷನ್ ಇದ್ದರೆ ಹೊತ್ತುಕೊಂಡು ಬರಲಿ.

ಕಳಿಸದಿದ್ದರೆ? ಮುಚ್ಚು ಎಂದು ಈ ಅಂಗಡಿಯ ಒಡೆಯ ನನಗೆ ಈವರೆಗೆ ಹೇಳಿಲ್ಲ. ಹೇಳಿದವರು ತಾವು. ನಮ್ಮವರಿಗೂ ಇದನ್ನೇ ಹೇಳಿದ್ದೇನೆ. ಅವರು, “ಹಾಗಾದ್ರೆ ಷಟರಿನ ಕಂಬಿಗೂ ಒಂದು ಹನಿ ಎಣ್ಣೆ ಬಿಡು, ಎತ್ತುವಾಗ ಕಿರುಗುಟ್ಟುತ್ತೆ” ಎಂದರು. ಬಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಎಂಟಕ್ಕೆ ಎತ್ತುತ್ತೇನೆ.

ಇಂತಿ,
ತಮ್ಮ ದಾಖಲೆಯಲ್ಲಿ ಇಲ್ಲದ ಅಂಗಡಿಯಲ್ಲಿ,
ತಮಗೆ ಕಾಣದ ಒಡೆಯನ ಕೈಕೆಳಗೆ,
ಇನ್ನೂ ಕೆಲಸಕ್ಕಿರುವ ಒರಟು ಹೆಂಗಸು