ತೆಂಗಿನ ನೆರಳಿಗೆ ಬಂದ ಸ್ಕೂಟರ್

ಹಾಲ್ಕುರಿಕೆ
೧೭-೩-೨೦೦೫, ಗುರುವಾರ

ಪ್ರೀತಿಯ ಮಂಜು,

ಹೇಗಿದ್ದೀಯ? ಅತ್ತೆಯವರು ಹಚ್ಚುವ ಎಣ್ಣೆಗೆ ನಿನ್ನ ಮಂಡಿನೋವು ಬಗ್ಗಿತೇ? ಪುಟ್ಟಿಯ ಕೆಮ್ಮು ನಿಂತಿತೇ? ಮಾವನವರು ಕಣ್ಣಿಗೆ ಔಷಧಿ ಬಿಟ್ಟುಕೊಳ್ಳುವಾಗ ಈಗಲೂ ರೆಪ್ಪೆ ಮುಚ್ಚಿಕೊಂಡು ಕೆನ್ನೆಗೆ ಹುಯ್ದುಕೊಳ್ಳುತ್ತಾರೋ? ನಾನು ಆರೋಗ್ಯವಾಗಿದ್ದೇನೆ. ಈ ಮಾತು ವಾಡಿಕೆಗೆ ಬರೆದದ್ದಲ್ಲ, ಕೈಕಾಲು ತಲೆ ಎಲ್ಲ ಇದ್ದಲ್ಲೇ ಇವೆಯೆಂದು ಮುಟ್ಟಿ ನೋಡಿಕೊಂಡು ಬರೆದಿದ್ದೇನೆ. ಫೋನ್ ಮಾಡಬಹುದಿತ್ತು ಎನ್ನುತ್ತೀಯ. ನಮ್ಮೂರ ಬೂತಿನಲ್ಲಿ ನಾನು ಹಲೋ ಅನ್ನುವಷ್ಟರಲ್ಲಿ ಹೊರಗೆ ನಿಂತ ನಾಲ್ಕು ಜನ ಹೌದಾ ಅನ್ನುತ್ತಾರೆ.

ಮೊದಲು ಸಮಾಧಾನದ ಸುದ್ದಿ ಹೇಳಿಬಿಡುತ್ತೇನೆ, ಆಮೇಲೆ ನೀನು ಬೈದುಕೊಳ್ಳಬಹುದು. ನನ್ನ ಸ್ಕೂಟರಿನ ಬ್ರೇಕ್ ಕತ್ತರಿಸಿದ ಇಬ್ಬರೂ ಸಿಕ್ಕಿಬಿದ್ದಿದ್ದಾರೆ. ಹೌದು, ಬ್ರೇಕ್ ಕತ್ತರಿಸಿದ್ದರು. ನೀನು ಹೆದರಿದ್ದು ಸುಳ್ಳಾಗಲಿಲ್ಲ, ಒಪ್ಪುತ್ತೇನೆ. ಹನ್ನೊಂದು ವರ್ಷ ಅದಿರಿನ ಲಾರಿ ಕಂಟ್ರಾಕ್ಟರನ ಆಫೀಸಿನಲ್ಲಿ ಗುಮಾಸ್ತನಾಗಿ ಕೂತು, ಬ್ರೇಕೇ ಹಿಡಿಯದ ಲಾರಿಗಳಿಗೆ ಬ್ರೇಕ್ ಭದ್ರವಾಗಿದೆಯೆಂಬ ಸರ್ಟಿಫಿಕೇಟುಗಳನ್ನು ಫೈಲಿಗೆ ಹಾಕಿದ ಕೈ ಇದು. ಅಂಥದೇ ಒಂದು ಲಾರಿ ಕುರಿ ಕಾಯುವ ಕ್ಯಾತಪ್ಪನ ಮಂದೆಯ ಮೇಲೆ ಹರಿದು ಅವನ ಬಲಗಾಲೂ ಹೋದ ಮೇಲೆ ತಾನೇ ನಾನು ಆ ಕಾಗದಗಳ ನಕಲನ್ನೆಲ್ಲ ಸಾರಿಗೆ ಅಧಿಕಾರಿಗಳಿಗೆ ಅರ್ಜಿಯ ಜೊತೆ ಕಳಿಸಿದ್ದು? ನಾನು ಬರೆದದ್ದು ಲಾರಿಯವರ ಬ್ರೇಕಿನ ವಿಚಾರ, ಅವರು ಉತ್ತರ ಬರೆದದ್ದು ನನ್ನ ಬ್ರೇಕಿನ ಮೇಲೆ. ಪುಟ್ಟಿಯನ್ನು ಕರೆದುಕೊಂಡು ತುರುವೇಕೆರೆ ಬಸ್ಸು ಹತ್ತುವಾಗ ನೀನು ಹೇಳಿದ ಮಾತು ಮೂರು ವಾರದಿಂದ ಕಿವಿಯಲ್ಲೇ ಇತ್ತು: "ಅರ್ಜಿ ಬೇಕೋ ನಾವು ಬೇಕೋ ನೋಡ್ಕಳಿ. ನೀವು ಉಳುದ್ರೆ ತಾನೆ ಕಣ್ರೀ ನ್ಯಾಯ."

ಹೋದ ಶುಕ್ರವಾರ ಮಧ್ಯಾಹ್ನ ಮುದ್ದೆ ಉಂಡು, ನಿದ್ದೆ ಹೊಡೆದು, ಮೂರಕ್ಕೆ ಎದ್ದೆ. (ಪ್ರಾಸ ಕಂಡರೆ ನಿನಗೆ ಆಯಾಸ ಎಂದು ಗೊತ್ತು, ಇದು ತಾನಾಗಿ ಬಂದದ್ದು.) ಚಿಕ್ಕನಾಯಕನಹಳ್ಳಿಗೆ ಹೋಗಬೇಕಿತ್ತು. ಹೆಲ್ಮೆಟ್ ಹುಡುಕಿ, ಕನ್ನಡಕ ಹುಡುಕಿ, ಏನೋ ಯೋಚನೆಯಲ್ಲಿ ಸ್ಕೂಟರ್ ಸ್ಟ್ಯಾಂಡಿನಿಂದ ಇಳಿಸುತ್ತಿದ್ದೆ. ಬೇಲಿಯಾಚೆಯಿಂದ ಭೂತಮ್ಮಜ್ಜಿ ಬೈದಳು: "ಏನ್ಲಾ ಕುಮಾರ, ಕಾಯಿ ಉದುರೋ ಮರದ ಬುಡದಾಗೆ ಗಾಡಿ ನಿಲ್ಸಿದ್ದೀಯ, ಓದಿದ್ದು ತಲೆಗತ್ತೈತಾ?" ಆಗ ನೋಡಿದೆ. ಸ್ಕೂಟರ್ ಹಿತ್ತಲ ದೊಡ್ಡ ತೆಂಗಿನ ಮರದ ಕೆಳಗಿತ್ತು. ನಾನು ನಿಲ್ಲಿಸಿದ್ದು ಎಂದಿನಂತೆ ನೀರಿನ ಕಲ್ಲುಬಾನಿಯ ಪಕ್ಕ, ಬಿಸಿಲಿನಲ್ಲಿ. ನಮ್ಮ ಕಡೆ ಹುಟ್ಟಿದವನು ಎಂಥ ಮರೆಗುಳಿಯಾದರೂ ಬಲಿತ ಕಾಯಿಯ ಮರದ ಕೆಳಗೆ ಗಾಡಿಯನ್ನಾಗಲಿ ಕರುವನ್ನಾಗಲಿ ಕೂಸನ್ನಾಗಲಿ ಬಿಡುತ್ತಾನೆಯೇ? ಸೀಟು ಬೆಂದು ಹೋದರೂ ಬಿಸಿಲೇ ವಾಸಿ ಎನ್ನುವವರು ನಾವು. ಯಾರೋ ಹೊರಗಿನವರು, ತೆಂಗು ನೋಡದವರು, ನೆತ್ತಿ ಸುಡುತ್ತದೆಂದು ಗಾಡಿಯನ್ನು ನೆರಳಿಗೆ ತಳ್ಳಿಕೊಂಡು ಕೂತು ಕೆಲಸ ಮಾಡಿದ್ದಾರೆ. ಏನು ಕೆಲಸ ಎಂದು ಹೊಳೆದಾಗ ಗಾಡಿಯನ್ನು ಮತ್ತೆ ಸ್ಟ್ಯಾಂಡಿಗೆ ಏರಿಸಿ ದೂರ ಸರಿದೆ. ಭೂತಮ್ಮಜ್ಜಿ ಮಾತ್ರ ಆರಾಮವಾಗಿ ಹೇಳಿದಳು, ಇಬ್ಬರು ಬಂದಿದ್ದರಂತೆ. ನಾನು ಕರೆಸಿದ ಮಿಸ್ತ್ರಿಗಳೆಂದುಕೊಂಡು ಇವಳೇ ಅವರಿಗೆ ನೀರು ಬೆಲ್ಲ ಕೊಟ್ಟಿದ್ದಾಳೆ!

ಸ್ಕೂಟರ್ ಮುಟ್ಟದೆ ಮೆಕ್ಯಾನಿಕ್ ಖುದ್ದೂಸ್‌ಗೆ ಹೇಳಿ ಕಳಿಸಿದೆ. ತಿಪಟೂರು ರಸ್ತೆಯ ಅಂಗಡಿ ಮುಚ್ಚಿಕೊಂಡು ಬಂದ. ಮುಂದಿನ ಬ್ರೇಕು, ಹಿಂದಿನ ಬ್ರೇಕು, ಎರಡರ ಕೇಬಲನ್ನೂ ಎರಡೆರಡೇ ಎಳೆ ಉಳಿಸಿ ಕತ್ತರಿಸಿದ್ದರು. ಊರೊಳಗೆ ಹಿಡಿಯುತ್ತದೆ, ಇಳಿಜಾರಿನಲ್ಲಿ ಒಮ್ಮೆ ಜೋರಾಗಿ ಒತ್ತಿದರೆ ಕೈಗೆ ಬರುತ್ತದೆ. ಠಾಣೆಯಲ್ಲಿ, ಹಳೇ ಸ್ಕೂಟರು, ಸವೆದಿರುತ್ತದೆ ಬಿಡ್ರೀ ಎಂದರು. ಖುದ್ದೂಸ್ ಪೇಪರಿನಲ್ಲಿ ಸುತ್ತಿ ತಂದಿದ್ದ ಕೇಬಲ್‌ಗಳನ್ನು ಮೇಜಿನ ಮೇಲಿಟ್ಟ. "ಸವೆದಿರೋದು ಹಳೇ ಬ್ರಶ್ ಥರ ಕೆದರ್ಕೊಂಡಿರ್ತದೆ ಸಾರ್. ಇದು ಕಟಿಂಗ್ ಪ್ಲೇಯರ್ ಹಾಕಿರೋದು. ಬರ್ಕೊಳಿ, ನಾನು ಸೈನ್ ಹಾಕ್ತೀನಿ." ಅವನ ಗಿರಾಕಿಗಳಲ್ಲಿ ಅರ್ಧ ಜನ ಅದೇ ಲಾರಿಯವರು ಎಂಬುದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಸಹಿ ಹಾಕಿದ.

ಮಾರನೆಯ ದಿನ ಪೊಲೀಸರು ಭೂತಮ್ಮಜ್ಜಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಕಂಟ್ರಾಕ್ಟರನ ಶೆಡ್ಡಿಗೆ ಹೋದರು. ಮುಂದಿನ ಸೀಟೇ ಬೇಕೆಂದು ಹಟ ಹಿಡಿದು ಕೂತಳಂತೆ. ಹೊರಗಿನಿಂದ ಕರೆಸಿದ್ದ ಡ್ರೈವರುಗಳ ಸಾಲಿನಲ್ಲಿ ಇಬ್ಬರನ್ನು ಕೋಲಿನಿಂದ ತಿವಿದೇ ತೋರಿಸಿದಳು. ಸರಿಯಾಗಿ ನೋಡಿ ಹೇಳಮ್ಮ ಎಂದದ್ದಕ್ಕೆ, "ನನ್ನ ಬೆಲ್ಲ ತಿಂದ ಮಕ ನಂಗೆ ಮರ್ತೋಯ್ತದಾ?" ಎಂದಳಂತೆ. ಸಂಜೆಯ ಹೊತ್ತಿಗೆ ಇಬ್ಬರೂ ಕಳಿಸಿದವನ ಹೆಸರು ಹೇಳಿದರು. ಕಂಟ್ರಾಕ್ಟರ್ ಈಗ ಒಳಗಿದ್ದಾನೆ. ಸಾರಿಗೆಯವರು ಅವನ ಹದಿನಾಲ್ಕು ಲಾರಿಗಳನ್ನೂ ನಿಲ್ಲಿಸಿ ನೋಡಿದರೆ ಒಂಬತ್ತಕ್ಕೆ ಬ್ರೇಕಿಲ್ಲ. ಕ್ಯಾತಪ್ಪನಿಗೆ ಹೇಳಿಬಂದೆ. ಅವನು, ರಸ್ತೆಯಾಚೆ ಒಳ್ಳೆ ಹುಲ್ಲಿದೆ, ಇನ್ನು ಕುರಿ ದಾಟಿಸಬಹುದು ಎಂದ.

ನಮ್ಮ ಮನೆ ಮುಂದೆ ಕಾವಲಿಗೆ ಗಿಡ್ಡಯ್ಯ ಎಂಬ ಆರಡಿ ಪೇದೆಯನ್ನು ಹಾಕಿದ್ದಾರೆ. ನಾನು ಮಾಡಿದ ಸಾರನ್ನು ಉಂಡೂ ಇನ್ನೂ ಓಡಿಹೋಗಿಲ್ಲವಾದ್ದರಿಂದ ಧೈರ್ಯಸ್ಥನೇ ಇರಬೇಕು. ವಾರದಲ್ಲಿ ಮೊದಲ ಸಲ ನಿನ್ನೆ ಗೇಟಿನ ಸದ್ದಿಗೆ ನಾನು ಬೆಚ್ಚಲಿಲ್ಲ.

ಅತ್ತೆ ಮಾವನವರಿಗೆ ನನ್ನ ನಮಸ್ಕಾರ ಮುಟ್ಟಿಸು, ಬ್ರೇಕಿನ ವಿಷಯ ಮುಟ್ಟಿಸಬೇಡ. ಪುಟ್ಟಿಯ ನೆತ್ತಿಗೆ ಮುತ್ತು. ಲೆಕ್ಕದ ಪರೀಕ್ಷೆಗೆ ಧೈರ್ಯವಾಗಿ ಹೋಗಲಿ, ಅಪ್ಪನಂತೆ ಪ್ರಾಸ ಬರೆದು ಬರದಿದ್ದರೆ ಸಾಕು.

ಇಂತಿ ನಿನ್ನವನೇ ಆದ, ಇನ್ನೂ ಇರುವ
ಕೃಷ್ಣಕುಮಾರ್

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಇದನ್ನು ಬರೆಯದೆ ಕೊಡಲಾರೆ. ಆ ಶುಕ್ರವಾರ ನಾನು ಹೊರಟಿದ್ದು ಕಂಟ್ರಾಕ್ಟರನನ್ನೇ ಕಾಣಲು. ಅರ್ಜಿ ವಾಪಸ್ ಪಡೆಯುತ್ತೇನೆಂದು ಬರೆದು, ಸಹಿ ಹಾಕಿ, ಜೇಬಿನಲ್ಲಿಟ್ಟುಕೊಂಡಿದ್ದೆ. ನೀವಿಬ್ಬರೂ ಇಲ್ಲದ ಮನೆಯಲ್ಲಿ ನನ್ನಿಂದ ಇರಲಾಗಲಿಲ್ಲ. ಅವರು ಇನ್ನೊಂದು ಗಂಟೆ ತಡೆದಿದ್ದರೆ ಬೇಕಾದ್ದು ಅವರ ಬಾಗಿಲಿಗೇ ಬರುತ್ತಿತ್ತು. ಆ ಕಾಗದವನ್ನು ನೀರೊಲೆಗೆ ಹಾಕಿದೆ. ಇನ್ನು ವಾಪಸ್ ಪಡೆಯುವುದಿಲ್ಲ, ಮಂಜು. ಸೋಮವಾರ ಹೇಳಿಕೆ ಕೊಡಲು ಖುದ್ದೂಸ್ ಜೊತೆ ತುಮಕೂರಿಗೆ ಹೋಗುತ್ತೇನೆ. ಇಷ್ಟು ತಿಳಿದ ಮೇಲೂ ಬರುವ ಮನಸ್ಸಿದ್ದರೆ ಭಾನುವಾರ ಹತ್ತರ ಬಸ್ಸಿಗೆ ಬಾ. ನಾನಂತೂ ಆ ಹೊತ್ತಿಗೆ ಬಸ್ ನಿಲ್ಲುವ ಕಡೆ ನಿಂತಿರುತ್ತೇನೆ.