ಏಳನೇ ಜಾಯಿಂಟಿಗೆ ಐದು ಸಾವಿರ ಭೇಷ್

ಹುಬ್ಬಳ್ಳಿ
ಫೆಬ್ರವರಿ ೩೦, ೨೧೮೭

ಪೂಜ್ಯ ವೈಜಯಂತಿ ಅಜ್ಜಿಯವರಿಗೆ ನಿಮ್ಮ ಆರನೇ ತಲೆಮಾರಿನ ಇಂದುಮತಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಗೆ ಹಾಗೇ ಬಿಟ್ಟಿದ್ದೇವೆ. ಆ ದಿನಗಳಲ್ಲಿ ಯಾರೂ ಯಾರಿಗೂ ಸಂದೇಶ ಕಳಿಸುವಂತಿಲ್ಲ. ಇಡೀ ವರ್ಷದಲ್ಲಿ ನನಗೆ ಸರಿಯಾಗಿ ನಿದ್ದೆ ಬರುವುದು ಆಗ ಮಾತ್ರ. ನಿಮ್ಮನ್ನು ಅಜ್ಜಿ ಎಂದು ಕರೆದದ್ದಕ್ಕೂ ಕ್ಷಮೆ ಇರಲಿ. ಈ ಕಾಗದ ಕೈಸೇರುವಾಗ ನಿಮಗೆ ನಲವತ್ತೊಂದು, ನನಗೆ ಐವತ್ತಾರು. ಎದುರು ಸಿಕ್ಕಿದ್ದರೆ ನೀವೇ ನನ್ನನ್ನು ಅಕ್ಕಾ ಅನ್ನುತ್ತಿದ್ದಿರಿ. ನನ್ನ ಕನ್ನಡದಲ್ಲಿ ನಿಮಗೆ ಗೊತ್ತಿಲ್ಲದ ಕೆಲವು ಮಾತುಗಳು ಬರುತ್ತವೆ, ಬಂದಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ. ಈ ಕಾಗದ ಬಂದ ದಾರಿಗೆ ಹಿಂದಂಚೆ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ, ಅದೂ ಸ್ವಂತ ವಂಶದ ಹಿರಿಯರಿಗೆ ಮಾತ್ರ. ಹೆಚ್ಚಿನವರು ಅದನ್ನು ಅಜ್ಜ ಮುತ್ತಜ್ಜಂದಿರನ್ನು ಬೈಯುವುದಕ್ಕೇ ಖರ್ಚು ಮಾಡುತ್ತಾರೆ. ನನಗೆ ಬೈಯುವಷ್ಟು ಶಕ್ತಿ ಉಳಿದಿಲ್ಲ.

ನಾನು ಇಲ್ಲಿನ ಸಿಹಿನೀರು ಮಂಡಳಿಯಲ್ಲಿ ತಂತ್ರಜ್ಞಾನ ವಿಭಾಗದ ಮುಖ್ಯಸ್ಥೆ. ಕಾರವಾರದ ಕಡಲ ನೀರಿನ ಉಪ್ಪು ತೆಗೆದು, ಘಟ್ಟ ಹತ್ತಿಸಿ, ಹುಬ್ಬಳ್ಳಿ-ಧಾರವಾಡದ ಜನಕ್ಕೆ ಕುಡಿಯಲು ತರುವುದು ನಮ್ಮ ಕೆಲಸ. ದಾರಿಯುದ್ದಕ್ಕೂ ಒಂಬತ್ತು ಸೇದುಮನೆಗಳಿವೆ. ನೀವು ಪಂಪ್‌ಹೌಸ್ ಅನ್ನುತ್ತೀರಿ. ನಮ್ಮ ಕಚೇರಿಯ ಜೀವ ಇರುವುದು ಕಟ್ಟೆಯಲ್ಲಿ. ಊರ ಮುಂದಿನ ಕಟ್ಟೆಯಲ್ಲ. ಐದು ಸಾವಿರ ನೌಕರರು ಒಟ್ಟಿಗೆ ಮಾತಾಡುವ, ಕಣ್ಣೆದುರು ಸದಾ ತೆರೆದೇ ಇರುವ ಜಾಲ ಅದು. ನಿಮ್ಮ ಮೊಬೈಲಿನ ಆಫೀಸ್ ಗುಂಪುಗಳು ಬೆಳೆದು, ಮದುವೆಯಾಗಿ, ಮಕ್ಕಳು ಮರಿ ಮಾಡಿಕೊಂಡರೆ ಹೇಗಿರುತ್ತದೋ ಹಾಗಿದೆ. ಯಾರೇ ಏನೇ ಮಾಡಲಿ, ಅದನ್ನು ಕಟ್ಟೆಗೆ ಹಾಕಬೇಕು. ನೋಡಿದವರು ಭೇಷ್ ಒತ್ತಬೇಕು. ಮುಖ್ಯಸ್ಥೆಯಾದ ನಾನು ದಿನಕ್ಕೆ ಇನ್ನೂರು ಭೇಷ್ ಕೊಡಲೇಬೇಕು, ನಮ್ಮ ನಾಯಕತ್ವವನ್ನು ಅಳೆಯುವುದೇ ಅದರಿಂದ. ಹಲ್ಲುಜ್ಜುತ್ತ ಇಪ್ಪತ್ತು ಮುಗಿಸುತ್ತೇನೆ, ಉಪ್ಪಿಟ್ಟು ತಿನ್ನುತ್ತ ಮೂವತ್ತು. ಒಂದು ದಿನ ಜ್ವರ ಬಂದು ಎಂಬತ್ತಕ್ಕೇ ನಿಂತಿತು. ಕಟ್ಟೆಯೇ ಮನೆಗೆ ಸಂದೇಶ ಕಳಿಸಿ, ಮೇಡಂ ಯಾಕೋ ತಂಡದ ಮೇಲೆ ಮುನಿಸಿಕೊಂಡಂತಿದೆ, ಏನಾಯಿತು ಎಂದು ವಿಚಾರಿಸಿತು.

ಇಲ್ಲಿನ ದೊಡ್ಡ ತಪ್ಪೆಂದರೆ ಮೂಲೆಮಾತು. ಕೆಲಸದ ವಿಷಯವನ್ನು ಒಬ್ಬರು ಇನ್ನೊಬ್ಬರಿಗೆ, ಕಟ್ಟೆಯ ಹೊರಗೆ, ನೇರವಾಗಿ ಹೇಳುವುದಕ್ಕೆ ಹಾಗೆನ್ನುತ್ತೇವೆ. ಅದು ಸಹಕಾರಕ್ಕೆ ಮಾಡಿದ ದ್ರೋಹ. ಈ ನಿಯಮ ನಿಮ್ಮದು ಅಜ್ಜಿ. ಗೋಕುಲ ರಸ್ತೆಯ ಕಾರ್ಖಾನೆಯಲ್ಲಿ ಮುಖ್ಯಸ್ಥೆಯಾದ ಮೊದಲ ತಿಂಗಳಲ್ಲೇ ನೀವು ಬರೆದ "ಎಲ್ಲ ಮಾತೂ ಎಲ್ಲರ ಮುಂದೆ" ಎಂಬ ನಾಲ್ಕು ಪುಟಗಳು ನಮ್ಮ ಪಡಸಾಲೆಯಲ್ಲಿ ಚೌಕಟ್ಟು ಹಾಕಿಸಿಕೊಂಡು ಕೂತಿವೆ. ನೀವು ಯಾಕೆ ಬರೆದಿರಿ ಎಂಬುದೂ ನನಗೆ ಗೊತ್ತು. ಕ್ಯಾಬಿನ್ ಬಾಗಿಲು ಮುಚ್ಚಿಕೊಂಡು ನಾಲ್ಕು ಜನ ಗಂಡಸರು ಎಲ್ಲವನ್ನೂ ತೀರ್ಮಾನಿಸುತ್ತಿದ್ದ ಕಾಲ. ಹನ್ನೆರಡು ವರ್ಷ ನಿಮ್ಮ ಕೆಲಸಕ್ಕೆ ಬೇರೆಯವರು ಹೆಸರು ಹಾಕಿಕೊಂಡಿದ್ದರು. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದನ್ನು ಓದಿ ಬೆಳೆದವಳು ನಾನು, ಅದನ್ನು ನಂಬಿಯೇ ಈ ಕುರ್ಚಿಗೆ ಬಂದವಳು.

ಈಗ ನೀಲವ್ವ ಹಾದಿಮನಿಯ ವಿಷಯ. ಅರಬೈಲು ಘಟ್ಟದ ಬುಡದಲ್ಲಿರುವ ಮೂರನೇ ಸೇದುಮನೆಯನ್ನು ನೋಡಿಕೊಳ್ಳುತ್ತಿದ್ದವಳು, ನನಗಿಂತ ಎರಡು ವರ್ಷ ಚಿಕ್ಕವಳು. ಯಂತ್ರಗಳೇ ಯಂತ್ರಗಳನ್ನು ಕಾಯುವ ಈ ಕಾಲದಲ್ಲೂ ಅವಳು ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಪೈಪಿಗೂ ಇನ್ನೊಂದನ್ನು ಕಿವಿಗೂ ಹಚ್ಚಿ ನೀರಿನ ಸದ್ದು ಕೇಳುತ್ತಿದ್ದಳು. ಕಳೆದ ತಿಂಗಳ ಒಂದು ಸೋಮವಾರ ಅವಳು ಕಟ್ಟೆಗೆ ಎರಡು ಸಾಲು ಹಾಕಿದಳು: ಪೈಪಿನ ಏಳನೇ ಜಾಯಿಂಟು ಒಳಗೇ ಬಡಿದುಕೊಳ್ಳುತ್ತಿದೆ, ನಾಲ್ಕು ದಿನದೊಳಗೆ ನೀರು ನಿಲ್ಲಿಸಿ ಬಿಚ್ಚಿ ನೋಡಬೇಕು. ನೀರು ನಿಲ್ಲಿಸಿದರೆ ಎರಡು ಊರಿಗೆ ಒಂದು ದಿನ ನಲ್ಲಿ ಬರುವುದಿಲ್ಲ. ಹಾಗಾಗಿ ಅದಕ್ಕೆ ಮುಖ್ಯಸ್ಥೆಯ ಆದೇಶ ಬೇಕು. ಮುಖ್ಯಸ್ಥೆ ನಾನು.

ನಾನು ಆ ಸಾಲುಗಳನ್ನು ಓದಿದೆ. ಓದಲಿಲ್ಲ ಎಂದು ಸುಳ್ಳು ಹೇಳಲಾರೆ. ಓದಿ ನಿಜಕ್ಕೂ ಹೆಮ್ಮೆಯಾಯಿತು. "ಕಿವಿಯಿಂದ ನೀರು ಕಾಯುವ ನಮ್ಮ ನೀಲವ್ವ, ಜಾಗರೂಕತೆಗೆ ಇದಕ್ಕಿಂತ ಮಾದರಿ ಬೇಕೆ?" ಎಂದು ಮೇಲೆ ಬರೆದು ಎಲ್ಲರಿಗೂ ಹಂಚಿದೆ. ಹನ್ನೊಂದು ಸೆಕೆಂಡಿನಲ್ಲಿ ಮೊದಲ ಭೇಷ್ ಬಿತ್ತು. ಮಂಗಳವಾರ ಮೂರು ಸಾವಿರ ದಾಟಿತು. ಬುಧವಾರ ತರಬೇತಿ ವಿಭಾಗದವರು ಅವಳ ಸ್ಕ್ರೂಡ್ರೈವರಿನ ಚಿತ್ರ ತೆಗೆದು ಪಾಠ ಮಾಡಿದರು. ಐದು ಸಾವಿರ ಮುಟ್ಟಿದಾಗ ಕಟ್ಟೆ ಅವಳನ್ನು "ವಾರದ ಕಣ್ಣು" ಎಂದು ಸಾರಿತು. ನೀರು ಮಾತ್ರ ಹರಿಯುತ್ತಲೇ ಇತ್ತು. ದುರಸ್ತಿ ವಿಭಾಗದ ಮುಖ್ಯಸ್ಥರು, ಸ್ವತಃ ಇಂದುಮತಿಯವರೇ ಹಂಚಿದ್ದಾರೆಂದ ಮೇಲೆ ಆದೇಶವನ್ನೂ ಕೊಟ್ಟಿರುತ್ತಾರೆ ಅಂದುಕೊಂಡರು. ಇಷ್ಟು ಜನ ನೋಡಿದ್ದಾರೆಂದ ಮೇಲೆ ದುರಸ್ತಿಯವರಿಂದ ನನ್ನ ಸಹಿಗೆ ಕಾಗದ ಬಂದೇ ಬರುತ್ತದೆ ಎಂದು ನಾನು ಅಂದುಕೊಂಡೆ. ಯಾರೂ ಸೋಮಾರಿಗಳಲ್ಲ ಅಜ್ಜಿ. ಎಲ್ಲರೂ ಅದೇ ಕೆಲಸದಲ್ಲಿ ಮುಳುಗಿದ್ದೆವು.

ಗುರುವಾರ ಮಧ್ಯಾಹ್ನ ನೀಲವ್ವ ನನ್ನ ಮೇಜಿನೆದುರು ಬಂದು ನಿಂತಳು. ಘಟ್ಟದ ಕೆಳಗಿನಿಂದ ಎರಡು ಗಾಡಿ ಬದಲಿಸಿ ಬಂದಿದ್ದಳು, ಸೆರಗಿಗೆ ಗ್ರೀಸ್ ಮೆತ್ತಿತ್ತು. ಹೊಗಳಿದ್ದಕ್ಕೆ ಕೃತಜ್ಞತೆ ಹೇಳಲು ಬಂದಿದ್ದಾಳೆ ಎಂದೇ ನನ್ನ ಎಣಿಕೆ. ಬೇರೆ ಯಾವ ಕಾರಣಕ್ಕೆ ಯಾರಾದರೂ ನನ್ನ ಮೇಜಿನ ತನಕ ನಡೆದು ಬಂದದ್ದು ನನಗೆ ನೆನಪೇ ಇರಲಿಲ್ಲ. ಸನ್ಮಾನಕ್ಕೆಂದು ಬೀರುವಿನಲ್ಲಿ ಸದಾ ನಾಲ್ಕು ಶಾಲು ಇಟ್ಟಿರುತ್ತೇವೆ. ನಮ್ಮಲ್ಲಿ ಎಲ್ಲವೂ ಬದಲಾಗಿದೆ, ಶಾಲು ಹೊದಿಸುವುದೊಂದು ಹಾಗೇ ಇದೆ. ಒಂದನ್ನು ತೆಗೆದು ಅವಳ ಹೆಗಲಿಗೆ ಹಾಕಿದೆ, ಚಿತ್ರಕ್ಕೆ ಪಕ್ಕದಲ್ಲಿ ನಿಂತೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಶಾಲು ಬ್ಯಾಡ್ರೀ ಮೇಡಮ್ಮರ, ಮೊದಲ ನೀರು ನಿಂದರಸ್ರೀ."

ಸುತ್ತ ಇದ್ದವರು ತಿರುಗಿ ನೋಡಿದರು. ಮೂಲೆಮಾತು ನನ್ನ ಮೇಜಿನಲ್ಲೇ ನಡೆಯುತ್ತಿದೆಯಲ್ಲ ಎಂದು ನನಗೆ ನಾಚಿಕೆಯಾಯಿತು. "ಅದನ್ನ ಕಟ್ಟೆಗೆ ಹಾಕ್ರಿ ನೀಲವ್ವಾರ, ಎಲ್ಲಾರೂ ನೋಡ್ತಾರ" ಅಂದೆ.

"ಹಾಕೇನಲ್ರೀ. ಎಲ್ಲಾರೂ ನೋಡ್ಯಾರ, ಎಲ್ಲಾರೂ ಭೇಷ್ ಅಂದಾರ. ಒಬ್ಬರೂ ಬಂದಿಲ್ರೀ."

ಇವತ್ತು ಸಂಜೆಯೊಳಗೆ ನೋಡುತ್ತೇನೆ ಎಂದು ಹೇಳಿ ಕಳಿಸಿದೆ. ಸಂಜೆ ಆ ಚಿತ್ರಕ್ಕೆ ಬಂದ ಭೇಷ್‌ಗಳಿಗೆ ಉತ್ತರ ಕೊಡುವುದರಲ್ಲೇ ಹೊತ್ತು ಹೋಯಿತು. ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ಏಳನೇ ಜಾಯಿಂಟು ಒಡೆಯಿತು. ಜೊತೆಗಿದ್ದ ಇಬ್ಬರನ್ನು ಹೊರಗೆ ನೂಕಿ, ವಾಲ್ವಿನ ಚಕ್ರವನ್ನು ಕೈಯಿಂದ ತಿರುಗಿಸಿ ನೀರು ನಿಲ್ಲಿಸಿದವಳು ಅವಳೇ. ಕೆಳಗಿನ ಕೇರಿಯ ಜನ ಅದರಿಂದ ಉಳಿದರು. ಅವಳು ಉಳಿಯಲಿಲ್ಲ.

ತನಿಖಾ ವರದಿ ನಾಲ್ಕೇ ದಿನದಲ್ಲಿ ಬಂತು. ಎಚ್ಚರಿಕೆಗೆ ಸಿಕ್ಕ ಸ್ಪಂದನ ಅಭೂತಪೂರ್ವ, ವಿಭಾಗಗಳ ನಡುವಿನ ಸಹಕಾರ ಮಾದರಿ, ಯಾರ ಲೋಪವೂ ಕಾಣುವುದಿಲ್ಲ ಎಂದಿತ್ತು. ಕೊನೆಗೆ ಒಂದೇ ಸಾಲು: ಮೃತ ಉದ್ಯೋಗಿ ಹಿಂದಿನ ದಿನ ಕೆಲಸದ ಜಾಗ ಬಿಟ್ಟು ಮೂಲೆಮಾತಿಗೆ ಹೋದದ್ದು ನಿಯಮಭಂಗ. ಇಡೀ ವರದಿಯಲ್ಲಿ ತಪ್ಪು ಎಂದು ಬರೆದಿದ್ದದ್ದು ಅದೊಂದೇ. ಅವಳ ಗಂಡ ಫಕೀರಪ್ಪ ಮಂಡಳಿಯ ಬಾಗಿಲಿಗೆ ಬಂದು ನನ್ನನ್ನು ಕೇಳಿದ್ದೂ ಒಂದೇ ಮಾತು. "ಮತ್ತೇನೂ ಬ್ಯಾಡ್ರೀ. ಆಕಿದು ತಪ್ಪೈತಿ ಅಂತ ಬರೀಬ್ಯಾಡ್ರೀ."

ಆ ವರದಿಗೆ ನಾನು ಸಹಿ ಮಾಡಲಿಲ್ಲ. ಲೋಪ ಎಂಬ ಕಡೆ ನನ್ನ ಹೆಸರು, ಹುದ್ದೆ, ಗುರುವಾರ ಆಡಿದ ಮಾತು, ಹೊದಿಸಿದ ಶಾಲು, ಎಲ್ಲವನ್ನೂ ಬರೆದೆ. ನಮ್ಮಲ್ಲಿ ಬರೆದದ್ದನ್ನು ಹಾಕಲು ಕಟ್ಟೆ ಬಿಟ್ಟರೆ ಬೇರೆ ಜಾಗವಿಲ್ಲ, ಅಲ್ಲೇ ಹಾಕಿದೆ. ಮಧ್ಯಾಹ್ನದೊಳಗೆ ಅದಕ್ಕೆ ನಾಲ್ಕು ಸಾವಿರದ ಇನ್ನೂರು ಭೇಷ್ ಬಂದವು. ತಪ್ಪೊಪ್ಪಿಕೊಳ್ಳುವ ನಾಯಕತ್ವ ಎಂದು ಹೊಸ ಪಾಠ ತಯಾರಾಗುತ್ತಿದೆಯಂತೆ. ಸನ್ಮಾನಕ್ಕೆ ಯಾವ ದಿನ ಅನುಕೂಲ ಎಂದು ಅಧ್ಯಕ್ಷರ ಕಚೇರಿಯವರು ಕೇಳಿದ್ದಾರೆ. ಹಳೆಯ ವರದಿ ನನ್ನ ಸಹಿ ಇಲ್ಲದೆಯೂ ಹಾಗೇ ದಾಖಲಾಯಿತು. ನೀಲವ್ವನ ಹೆಸರಿನ ಮುಂದೆ ಆ ಸಾಲು ಇವತ್ತಿಗೂ ಇದೆ. ಮೂರು ಸಲ ಹೋಗಿ ಕೇಳಿದೆ. ಮೂರು ಸಲವೂ ಕಟ್ಟೆಗೆ ಹಾಕಿ ಎಂದರು.

ಸಾಕಾಗಿದೆ ಅಜ್ಜಿ. ತಿರುಗಿ ಭೇಷ್ ಅನ್ನಲಾರದವರಿಗೆ ಒಂದು ಸಲ ಈ ಮಾತನ್ನೆಲ್ಲ ಹೇಳಬೇಕಿತ್ತು, ಅದಕ್ಕೇ ನಿಮಗೆ ಬರೆದೆ. ನಿಮ್ಮ ನಾಲ್ಕು ಪುಟಗಳನ್ನು ಹರಿದುಹಾಕಿ ಎಂದು ಕೇಳುವುದಿಲ್ಲ. ಮಾತು ಎಲ್ಲರ ಮುಂದೆಯೇ ಇರಲಿ. ಅದರ ಕೆಳಗೆ, ಎದ್ದು ಹೋಗಿ ಆ ಕೆಲಸ ಮಾಡಬೇಕಾದವರು ಯಾರು ಎಂದು ಒಬ್ಬರ ಹೆಸರೂ ಇರಲಿ. ಅದರಿಂದ ನೂರ ಅರವತ್ತು ವರ್ಷದ ಆಚೆ ನೀಲವ್ವ ಉಳಿಯುತ್ತಾಳೋ ಇಲ್ಲವೋ, ಹಿಂದಂಚೆಯವರು ಭರವಸೆ ಕೊಡುವುದಿಲ್ಲ.

ಇನ್ನೊಂದು ವಿಷಯಕ್ಕೆ ಭರವಸೆ ಬೇಕಿಲ್ಲ. ನಿಮ್ಮ ಕಾರ್ಖಾನೆಯ ಗುಂಪಿನ ಹಳೆಯ ಸಂದೇಶಗಳು ನಮ್ಮ ಸಂಗ್ರಹದಲ್ಲಿ ದಿನವಾರು ಸಿಗುತ್ತವೆ. ನಿಮ್ಮ ಲೆಕ್ಕದಲ್ಲಿ ನಿನ್ನೆ, ಮಂಗಳವಾರ, ನಿಮ್ಮ ಬಾಯ್ಲರ್ ವಿಭಾಗದ ರೇಣುಕಾ ಬ್ಯಾಹಟ್ಟಿ ಎಂಬ ಹುಡುಗಿ, ಎರಡನೇ ಬಾಯ್ಲರಿನ ಅಲಾರಂ ಹೊಸ ಪರದೆಯಲ್ಲಿ ಕಾಣುತ್ತಿಲ್ಲ ಎಂದು ಬರೆದಿದ್ದಾಳೆ. ಅದರ ಕೆಳಗೆ ಇಪ್ಪತ್ತೇಳು ಹೆಬ್ಬೆರಳುಗಳಿವೆ. ಮೊದಲನೆಯದು ನಿಮ್ಮದು. ಮುಂದಿನ ವಾರದ ಪುಟಗಳನ್ನೂ ನಾನು ಓದಿದ್ದೇನೆ, ಅವುಗಳಲ್ಲಿ ಏನಿದೆ ಎಂದು ಬರೆಯಲು ಕೈ ಬರುವುದಿಲ್ಲ.

ನಿಮಗೆ ಇವತ್ತು ಬುಧವಾರ. ಈ ಕಾಗದವನ್ನು ಯಾರಿಗೂ ತೋರಿಸಬೇಡಿ, ಯಾವ ಗುಂಪಿಗೂ ಹಾಕಬೇಡಿ. ಮೇಜಿನ ಮೇಲೆ ಇಟ್ಟು ಎದ್ದೇಳಿ. ರೇಣುಕಾ ಇವತ್ತು ಕೆಲಸಕ್ಕೆ ಬಂದಿದ್ದಾಳೆ.

ನಿಮ್ಮ
ಇಂದುಮತಿ ಕೌಜಲಗಿ