ಭಂಡಾರ ಒರೆಸಿದ ಕರವಸ್ತ್ರ

ಅಪ್ಪಾ,

ನೀನಿದ್ದಾಗಲೂ ನಿನಗೆ ಓದಲು ಬರುತ್ತಿರಲಿಲ್ಲ, ಈಗಂತೂ ನೀನೇ ಇಲ್ಲ. ಅದಕ್ಕೇ ಇದನ್ನು ಬರೆಯುವ ಧೈರ್ಯ.

ನಾನು ಕಲಿಸುವ ಅಕ್ಕಲಕೋಟದ ಶಾಲೆಗೆ ಚಪಳಗಾಂವದಿಂದ ಛಾಯಾ ಎಂಬ ಹುಡುಗಿ ಬರುತ್ತಾಳೆ. ಏಳನೇ ತರಗತಿ. ನಮ್ಮ ಹಾಗೆಯೇ ಕುರಿ ಕಾಯುವ ಮನೆಯವಳು. ಇಂದು ಹಣೆ ತುಂಬ ಬೀರೋಬಾ ದೇವರ ಭಂಡಾರ, ಆ ಅರಿಶಿನಪುಡಿ, ಹಚ್ಚಿಕೊಂಡು ಬಂದಿದ್ದಳು. ಹುಡುಗರು ಅವಳ ಬೆಂಚಿನ ಸುತ್ತ ನಿಂತು ಕುರಿಗಳಂತೆ ಬ್ಯಾ ಬ್ಯಾ ಎಂದು ಅರಚಿದರು.

ನಾನು ಅವಳನ್ನು ನಳದ ಹತ್ತಿರ ಕರೆದೊಯ್ದೆ. ಕರವಸ್ತ್ರ ಒದ್ದೆ ಮಾಡಿ ಹಣೆ ಒರೆಸಿದೆ.

"ಇನ್ನ ಯಾರೂ ಚ್ಯಾಷ್ಟಿ ಮಾಡಂಗಿಲ್ಲ, ಹೋಗು," ಎಂದೆ.

"ನಮ್ಮಪ್ಪ ಹಚ್ಚಿದ್ದರಿ ಮ್ಯಾಡಂ," ಎಂದಳು. "ನಿಮ್ಮೂರಾಗ ಹಚ್ಚಂಗಿಲ್ಲೇನ್ರಿ?"

"ಇಲ್ಲವ್ವಾ, ನಂದು ಸೊಲ್ಲಾಪುರ."

ನಮ್ಮೂರು ಹನ್ನೂರ ಎನ್ನಲು ನಾಲಿಗೆ ಹೊರಳಲಿಲ್ಲ, ಅಪ್ಪಾ.

ಭಂಡಾರ ಕಾಲಿಗೆ ಸಿಗುವಲ್ಲಿ ಬೀಳಬಾರದು ಎಂದು ನೀನು ಅನ್ನುತ್ತಿದ್ದೆ. ಅದಕ್ಕೇ ಆ ಹಳದಿ ಕರವಸ್ತ್ರವನ್ನು ಒಗೆಯದೆ ನಿನ್ನ ಫೋಟೋದ ಮುಂದೆ ಮಡಚಿಟ್ಟಿದ್ದೇನೆ.

ಅರಚಿದ ಹುಡುಗರಿಗೆ ಮಾತ್ರ ನಾನು ಏನೂ ಅನ್ನಲಿಲ್ಲ.